ಅಪ್‌ಡೇಟ್ ಆದ್ಮೇಲೆ ಹಳೇ ರಾತ್ರಿಗಳ ಟೆಂಪರೇಚರ್ ಹೇಗೆ ಬದಲಾಯ್ತು?

ಪ್ರಶ್ನೆ: ಮುಟ್ಟು ಸರಿಯಾಗಿ ಆಗಲ್ಲ ಅಂತ ಡಾಕ್ಟರ್ ಟೆಂಪರೇಚರ್ ಬರೆದಿಟ್ಕೊಳ್ಳಿ ಅಂದಿದ್ರು, ಅದಕ್ಕೇ ಸ್ಮಾರ್ಟ್ ರಿಂಗ್ ತಗೊಂಡು ದಿನಾ ರಾತ್ರಿ ಹಾಕ್ಕೊಂಡೇ ಮಲಗ್ತೀನಿ. ಈಚೆಗೆ ಆಪ್ ಅಪ್‌ಡೇಟ್ ಆಯ್ತು ನೋಡಿ, ಹಳೇ ತಿಂಗಳುಗಳ ಗ್ರಾಫೇ ಬೇರೆ ಆಗೋಗಿದೆ. ಪ್ಲಸ್ 0.4 ಅಂತ ಇದ್ದ ರಾತ್ರಿ ಈಗ ಪ್ಲಸ್ 0.1 ತೋರಿಸ್ತಿದೆ, ಹಳೇದರ ಸ್ಕ್ರೀನ್‌ಶಾಟ್ ನನ್ನ ಹತ್ರ ಇದೆ. ಕಸ್ಟಮರ್ ಕೇರ್‌ಗೆ ಕೇಳಿದ್ರೆ "ಈಗ ಇನ್ನೂ ಕರೆಕ್ಟಾಗಿದೆ ಮೇಡಂ" ಅಂತಾರೆ, ಏನು ಬದಲಾಯ್ಸಿದ್ರು ಅಂತ ಮಾತ್ರ ಹೇಳಲ್ಲ. ಕಳೆದುಹೋದ ರಾತ್ರಿಯ ಮೈ ಬಿಸಿ ಈಗ ಹೇಗೆ ಬದಲಾಗುತ್ತೆ ಸಾರ್? ಯಾವುದನ್ನ ನಂಬ್ಲಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಮೇಡಂ. ಮೊದಲು ಒಂದು ಸಣ್ಣ ವಿಷಯ ನೋಡ್ಬಿಡಿ, ಸೆಟ್ಟಿಂಗ್ಸ್‌ನಲ್ಲಿ ಸೆಲ್ಸಿಯಸ್ ಇದ್ದದ್ದು ಫ್ಯಾರನ್‌ಹೀಟ್ ಆಗಿದ್ಯಾ ಅಂತ. ಆದ್ರೆ ಹಾಗಾಗಿದ್ರೆ ನಂಬರ್ ದೊಡ್ಡದಾಗ್ಬೇಕಿತ್ತು, ನಿಮ್ಮದು ಚಿಕ್ಕದಾಗಿದೆ, ಹಾಗಾಗಿ ಕಾರಣ ಬೇರೆನೇ ಇರ್ಬೇಕು.

ನಿಮ್ಮ ರಿಂಗ್ ಅಳೆಯೋದು ಬೆರಳಿನ ಚರ್ಮದ ಬಿಸಿನ, ಮೈ ಒಳಗಿನ ಬಿಸಿನ ಅಲ್ಲ. ಇವೆರಡೂ ಒಂದೇ ತರ ನಡ್ಕೊಳ್ಳಲ್ಲ. ನಿದ್ದೆ ಹತ್ತೋ ಹೊತ್ತಿಗೆ ಕೈ ಕಾಲಿನ ರಕ್ತನಾಳ ಹಿಗ್ಗಿ ಚರ್ಮ ಬೆಚ್ಚಗಾಗುತ್ತೆ, ಅದೇ ಹೊತ್ತಿಗೆ ಒಳಗಿನ ಬಿಸಿ ಇಳೀತಾ ಹೋಗುತ್ತೆ. ಕೈ ಹೊದಿಕೆಯಿಂದ ಆಚೆ ಬಂದ್ರೂ ಸಾಕು ರೀಡಿಂಗ್ ಬೀಳುತ್ತೆ. ಹಾಗಾಗಿ ರಾತ್ರಿಯಿಡೀ ಬಂದ ರೀಡಿಂಗ್‌ಗಳಲ್ಲಿ ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಡ್ಬೇಕು ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡಿ ರಾತ್ರಿಗೊಂದು ನಂಬರ್ ತೆಗೆಯುತ್ತೆ, ಆಮೇಲೆ ನಿಮ್ಮ ಬೇಸ್‌ಲೈನ್ ಅಂದ್ರೆ ನಿಮ್ಮದೇ ಹಿಂದಿನ ರಾತ್ರಿಗಳ ಸರಾಸರಿಯನ್ನ ಅದರಿಂದ ಕಳೆಯುತ್ತೆ, ಉಳಿದದ್ದನ್ನ ಪ್ಲಸ್ಸೋ ಮೈನಸ್ಸೋ ಅಂತ ತೋರಿಸುತ್ತೆ.

ಲೆಕ್ಕ ಹಾಕಿ ನೋಡಿ. ಆ ರಾತ್ರಿ ಬೆರಳಿನ ಬಿಸಿ 35.2 ಅಂತ ಇಟ್ಕೊಳ್ಳಿ. ಬೇಸ್‌ಲೈನ್ 34.8 ಇದ್ರೆ ಪ್ಲಸ್ 0.4. ಹೊಸ ವರ್ಷನ್ ಬೇಸ್‌ಲೈನ್‌ಗೆ ಬೇರೆ ರಾತ್ರಿಗಳನ್ನ ಸೇರಿಸ್ಕೊಂಡು ಅದನ್ನ 35.1 ಮಾಡ್ತು ಅನ್ನಿ, ಅದೇ ರಾತ್ರಿ ಪ್ಲಸ್ 0.1 ಆಗೋಯ್ತು. ಬೆರಳು ಅಷ್ಟೇ ಬೆಚ್ಚಗಿತ್ತು, ಕಳೆಯೋ ಸಂಖ್ಯೆ ಮಾತ್ರ ಬದಲಾಯ್ತು. ಮೂಲ ರೀಡಿಂಗ್ ಕಂಪನಿ ಸರ್ವರ್‌ನಲ್ಲಿ ಇದ್ರೆ ಹೊಸ ಲೆಕ್ಕಾನ ಹಳೇ ರಾತ್ರಿಗಳ ಮೇಲೂ ಓಡಿಸ್ಬಹುದು, ಹಿಂದಿನ ಗ್ರಾಫ್ ಬದಲಾಗೋದು ಹೀಗೆ.

ಇದು ಚಿಕ್ಕ ವಿಷಯ ಅಲ್ಲವೇ ಅಲ್ಲ. ಅಂಡಾಣು ಬಿಡುಗಡೆ ಆದ್ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್‌ನಿಂದ ಮೈ ಬಿಸಿ ಏರೋದೇ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್. ನಿಮ್ಮ ಆಪ್ ಒಂದು ಅಪ್‌ಡೇಟ್‌ನಲ್ಲಿ 0.3 ಅಲ್ಲಾಡ್ಸಿದೆ ಅಂದ್ರೆ ನೀವು ಹುಡುಕ್ತಾ ಇರೋ ಏರಿಕೆಯಷ್ಟನ್ನೇ ಅಲ್ಲಾಡ್ಸಿದೆ. ಲೆಕ್ಕ ಸುಧಾರಿಸ್ಲಿ, ಬೇಡ ಅನ್ನಲ್ಲ, ಆದ್ರೆ ಯಾವ ದಿನದಿಂದ ಲೆಕ್ಕ ಬದಲಾಯ್ತು ಅಂತ ಗ್ರಾಫ್ ಮೇಲೇ ಒಂದು ಗೆರೆ ಎಳೀಬೇಕು, ಹಳೇ ನಂಬರ್‌ಗಳೂ ನೋಡೋಕೆ ಸಿಗ್ಬೇಕು. ಹೇಳದೆ ಕೇಳದೆ ತಿದ್ದೋದು ತಪ್ಪು. ಕಸ್ಟಮರ್ ಕೇರ್‌ಗೆ ಫೋನ್ ಬಿಟ್ಟು ಮೇಲ್ ಮಾಡಿ, "ಬೇಸ್‌ಲೈನ್ ಬದಲಾಯ್ತಾ, ರೀಡಿಂಗ್ ಆರಿಸೋ ರೀತಿ ಬದಲಾಯ್ತಾ, ಯಾವ ತಾರೀಖಿಂದ" ಅಂತ ಇಷ್ಟೇ ಕೇಳಿ.

ಈಗ ಆ ಸ್ಕ್ರೀನ್‌ಶಾಟ್ ತೆಗೀರಿ, ಹೊಸ ಗ್ರಾಫ್ ಪಕ್ಕ ಇಟ್ಟು ಒಂದೊಂದೇ ರಾತ್ರಿ ಹೋಲಿಸಿ. ಎಲ್ಲಾ ರಾತ್ರಿನೂ ಒಂದೇ ಸಮ 0.3 ಇಳಿದಿದ್ರೆ ಗಾಬರಿ ಬೇಡ, ಗ್ರಾಫ್ ಪೂರ್ತಿಯಾಗಿ ಕೆಳಗೆ ಜಾರಿದೆ ಅಷ್ಟೇ, ಏರಿದ ದಿನ ಎಲ್ಲಿತ್ತೋ ಅಲ್ಲೇ ಇರುತ್ತೆ, ನಿಮಗೆ ಬೇಕಾಗಿರೋದೂ ಅದೇ. ಒಂದು ರಾತ್ರಿ 0.3, ಇನ್ನೊಂದು ರಾತ್ರಿ ಏನೂ ಇಲ್ಲ, ಮತ್ತೊಂದು ಮೇಲಕ್ಕೇ ಹೋಗಿದೆ ಅಂದ್ರೆ ರೀಡಿಂಗ್ ಆರಿಸೋ ರೀತಿನೇ ಬದಲಾಗಿರ್ಬಹುದು, ಆಗ ಹಳೇ ಸ್ಕ್ರೀನ್‌ಶಾಟ್‌ನ ಹೊಸ ಗ್ರಾಫ್ ಜೊತೆ ಸೇರಿಸಿ ಓದ್ಬೇಡಿ. ಡಾಕ್ಟರ್‌ಗೆ ತೋರಿಸೋವಾಗ ಎರಡನ್ನೂ ತಗೊಂಡೋಗಿ, ಅಪ್‌ಡೇಟ್ ಆದ ತಾರೀಖು ಬರೆದೇ ತಗೊಂಡೋಗಿ.

ಇನ್ನು ಮಗುಗೋಸ್ಕರ ಪ್ರಯತ್ನ ಪಡ್ತಿದ್ರೆ ಅಥವಾ ಬೇಡ ಅಂತ ಹುಷಾರಾಗಿದ್ರೆ ರಿಂಗ್ ಒಂದನ್ನೇ ನಂಬ್ಕೋಬೇಡಿ. ಎರಡು ದಶಮಾಂಶ ತೋರಿಸೋ ಬೇಸಲ್ ಥರ್ಮಾಮೀಟರ್ ಸಿಗುತ್ತೆ, ಬೆಳಿಗ್ಗೆ ಎಚ್ಚರ ಆದ ತಕ್ಷಣ, ಹಾಸಿಗೆಯಿಂದ ಏಳೋಕೂ ಮುಂಚೆ, ಆದಷ್ಟೂ ಒಂದೇ ಹೊತ್ತಿಗೆ ನಾಲಿಗೆ ಕೆಳಗೆ ಇಟ್ಟು ನೋಡಿ ಪುಸ್ತಕದಲ್ಲಿ ಬರ್ಕೊಳ್ಳಿ. ಆ ಬರಹಾನ ಯಾವ ಅಪ್‌ಡೇಟೂ ತಿದ್ದಲ್ಲ. ಬಿಸಿ ಏರೋದು ಅಂಡಾಣು ಬಿಡುಗಡೆ ಆದ ಮೇಲೆ ಅನ್ನೋದೂ ನೆನಪಿರ್ಲಿ, ಮುಂದಿನ ತಿಂಗಳಿಗೆ ಆಪ್ ತೋರಿಸೋ ದಿನ ಅಂದಾಜು ಮಾತ್ರ.

ಪ್ರಶ್ನೆ: ನನ್ನ ವಾಚ್‌ನಲ್ಲೂ ಇದೇ ಗೋಳು. ಆಟೋ ಅಪ್‌ಡೇಟ್ ಆಫ್ ಮಾಡಿದ್ರೆ ಸರಿಹೋಗುತ್ತಾ?

ಉತ್ತರ: ಅರ್ಧ ಮಾತ್ರ. ಲೆಕ್ಕ ಸರ್ವರ್‌ನಲ್ಲಿ ನಡೀತಿದ್ರೆ ನೀವು ಅಪ್‌ಡೇಟ್ ಒತ್ತದಿದ್ರೂ ನಂಬರ್ ಬದಲಾಗ್ಬಹುದು. ಅಪ್‌ಡೇಟ್‌ನಲ್ಲಿ ಸೆಕ್ಯೂರಿಟಿ ತಿದ್ದುಪಡಿಗಳೂ ಬರ್ತಾವೆ, ಯಾವತ್ತೂ ಹಾಕ್ದೇ ಇರೋದೂ ಒಳ್ಳೇದಲ್ಲ. ಆಫ್ ಇಟ್ಟು ನೀವೇ ದಿನ ಆರಿಸ್ಕೊಂಡು ಹಾಕಿ, ಹಾಕೋಕೆ ಮುಂಚೆ ಆಪ್‌ನಲ್ಲಿ ಎಕ್ಸ್‌ಪೋರ್ಟ್ ಅನ್ನೋದಿದ್ರೆ ಡೇಟಾ ಫೈಲ್ ಇಳಿಸ್ಕೊಂಡು ಅದರ ಹೆಸರಲ್ಲೇ ತಾರೀಖು ಹಾಕಿಡಿ. ಮುಟ್ಟಿನ ಲೆಕ್ಕಕ್ಕೆ ಬಳಸೋರಾದ್ರೆ ಮುಟ್ಟು ಶುರುವಾದ ದಿನಗಳಲ್ಲೇ ಅಪ್‌ಡೇಟ್ ಮಾಡ್ಕೊಳ್ಳಿ, ಬೇಸ್‌ಲೈನ್ ಏರುಪೇರಾದ್ರೂ ನಡು ತಿಂಗಳ ಏರಿಕೆ ಬರೋ ಹೊತ್ತಿಗೆ ಒಂದಷ್ಟು ರಾತ್ರಿ ಕೈಯಲ್ಲಿರುತ್ತೆ.