ಊರ ಬಾರ್‌ನಲ್ಲಿ ಬಿಯರ್ ಮುಂದೆ ಓಡುತ್ತದಾ?

ಹುಡುಗರು ಕುಡಿಯೋದು ಕಡಿಮೆ ಮಾಡ್ತಿದ್ದಾರಂತೆ, ಊರ ಬಾರ್‌ನಲ್ಲಿ ಪಾಲು ತಗೊಂಡರೆ ಬಿಯರ್ ಓಡುತ್ತದಾ ಅಂತ ಕೇಳಿದ್ದೀರಿ. ಹಾಸನದ ಕಡೆ ನಮ್ಮದೂ ಒಂದು ಸಿಎಲ್-9 (ಕೂತು ಕುಡಿಯೋ ಬಾರಿನ ಲೈಸೆನ್ಸ್) ಬಾರ್ ಇದೆ. ಹತ್ತು ವರ್ಷದಿಂದ ಕೌಂಟರ್‌ನಲ್ಲಿ ಕೂರುತ್ತಿದ್ದೇನೆ.

ನೀವು ಓದಿದ್ದು ಯೂರೋಪಿನ ಕಡೆಯ ಸುದ್ದಿ ಇರಬೇಕು. ಜರ್ಮನಿಯಲ್ಲಿ 2025ರ ಮೊದಲ ಆರು ತಿಂಗಳಲ್ಲಿ ಬಿಯರ್ ಮಾರಾಟ ಸುಮಾರು 390 ಕೋಟಿ ಲೀಟರಿಗೆ ಇಳಿಯಿತು. ಅಲ್ಲಿ ಜನ ನಿಜಕ್ಕೂ ಬಿಡುತ್ತಿದ್ದಾರೆ. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಎರಡು ಲೀಟರಿನ ಆಸುಪಾಸು ಅಷ್ಟೆ. ಬಿಡೋಕೆ ಮೊದಲು ಹಿಡಿದಿರಬೇಕಲ್ವಾ?

ನಮ್ಮ ಕರ್ನಾಟಕದಲ್ಲಿ ಪೆಟ್ಟು ಕೊಟ್ಟಿದ್ದು ತೆರಿಗೆ. 2023ರಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 175ರಿಂದ 185 ಪರ್ಸೆಂಟ್ ಆಯಿತು. 2025ರ ಜನವರಿಯಲ್ಲಿ 195 ಪರ್ಸೆಂಟ್ ಇಲ್ಲವೇ ಲೀಟರಿಗೆ 130 ರೂಪಾಯಿ, ಯಾವುದು ಜಾಸ್ತಿಯೋ ಅದು ಅಂತ ಮಾಡಿದರು. ಆ ಕನಿಷ್ಠ ಮೊತ್ತದಿಂದ ಅಗ್ಗದ ಬಿಯರ್‌ಗೇ ಜಾಸ್ತಿ ಏಟು ಬಿತ್ತು. 650 ಎಂ.ಎಲ್. ಬಾಟಲಿಗೆ ಅದೊಂದೇ 84 ರೂಪಾಯಿ ದಾಟಿತು.

ಕೂಲಿ ಮುಗಿಸಿ ಬರುವವನು ಏನು ಮಾಡುತ್ತಾನೆ? ಒಂದು ಬಿಯರಿನ ದುಡ್ಡಿಗೆ ಅಗ್ಗದ ಬ್ರಾಂದಿಯ 90 ಎಂ.ಎಲ್. ಪ್ಯಾಕೆಟ್ ಎರಡು ಸಿಗುತ್ತೆ. 5 ಪರ್ಸೆಂಟ್ ಬಿಯರ್ ಬಾಟಲಿಯಲ್ಲಿ ಆಲ್ಕೋಹಾಲ್ 32 ಎಂ.ಎಲ್. ಚಿಲ್ಲರೆ. ಆ ಎರಡು ಪ್ಯಾಕೆಟ್‌ನಲ್ಲಿ 77. ದುಡ್ಡು ಉಳಿಸೋಕೆ ಹೋಗಿ ಎರಡು ಪಟ್ಟಿಗಿಂತ ಜಾಸ್ತಿ ಒಳಗೆ ಹೋಗುತ್ತದೆ. ಬಿಯರಿನಲ್ಲೇ ಇದ್ದ ಎಷ್ಟೋ ಗಿರಾಕಿಗಳು ಹೀಗೆ ಬ್ರಾಂದಿಗೆ ತಿರುಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮಾರುವವನಾಗಿದ್ದರೂ ನನಗಿದು ಸಂಕಟ. ತೆರಿಗೆ ಹಾಕಲಿ, ಆದರೆ ಒಳಗಿರುವ ಆಲ್ಕೋಹಾಲ್ ನೋಡಿ ಹಾಕಲಿ.

ಹುಡುಗರೂ ಬದಲಾಗಿದ್ದಾರೆ, ಇಲ್ಲ ಅನ್ನಲ್ಲ. ವಾರದ ದಿನ ಬರುವುದಿಲ್ಲ. ಶನಿವಾರ ಬಂದರೆ ಇಬ್ಬರಿಗೆ ಒಂದು ಬಾಟಲಿ. ಬೆಂಗಳೂರಿಗೆ ಹೋದಾಗ ಮೈಕ್ರೋಬ್ರೂವರಿಯಲ್ಲಿ, ಅಂದರೆ ಅಲ್ಲೇ ಬಿಯರ್ ತಯಾರಿಸಿ ಕೊಡುವ ಜಾಗದಲ್ಲಿ, ಗೋಧಿಯ ವೀಟ್ ಬಿಯರ್ ಕುಡಿಯುತ್ತಾರೆ, ಆ ರುಚಿ ಇಲ್ಲಿ ಕೇಳುತ್ತಾರೆ. ಇವರು ಬಿಯರ್ ಬಿಡುವವರಲ್ಲ. ಬೆಲೆ ಹಿಡಿತದಲ್ಲಿದ್ದರೆ ಮಾರಾಟ ಏರುತ್ತದೆ ಅನ್ನೋದು ನನ್ನ ನಂಬಿಕೆ. ಸುಂಕ ಹೀಗೇ ಏರಿದರೆ ಊರ ಕಡೆ ಕಷ್ಟ.

ಇನ್ನೊಂದು ವಿಷಯ. ಬಿಯರ್ ಸಾಮಾನ್ಯವಾಗಿ ಆರು ತಿಂಗಳ ಮಾಲು, ಬ್ರಾಂದಿಯ ಹಾಗೆ ಇಟ್ಟುಕೊಂಡು ಕೂರೋಕಾಗಲ್ಲ. ಮೊದಲು ಯುಗಾದಿಗೆ ಮುಂಚೆಯೇ ಲೋಡ್ ತರಿಸುತ್ತಿದ್ದೆವು. ಈಗ ವಾರಕ್ಕೆ ಬೇಕಾದಷ್ಟೇ.

ಪಾಲು ತಗೊಳ್ಳುವ ಮುಂಚೆ ಆ ಬಾರಿನ ಮೂರು ವರ್ಷದ ಬೇಸಿಗೆಯ, ಅಂದರೆ ಏಪ್ರಿಲ್ ತಿಂಗಳಿನ ಲೆಕ್ಕ ಕೇಳಿ. ವಹಿವಾಟಿನ ರೂಪಾಯಿ ಬೇಡ, ಬೆಲೆ ಏರಿರುವುದರಿಂದ ಅದು ಚೆನ್ನಾಗೇ ಕಾಣುತ್ತದೆ. ಬಿಯರ್ ಎಷ್ಟು ಕೇಸ್ ಹೋಗಿದೆ ಅಂತ ನೋಡಿ.