ಮೂರು ತಿಂಗಳಿಗೆ ಬಿಸಿಆರ್-ಎಬಿಎಲ್ 8% ಬಂದಿದೆ, ಅಪ್ಪನಿಗೆ ಮಾತ್ರೆ ನಾಟುತ್ತಿಲ್ವಾ?

ನಾಟುತ್ತಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಇವತ್ತು ರಾತ್ರಿಯಾದರೂ ನೀವು ನಿದ್ದೆ ಮಾಡಬೇಕು.

ನಿಮ್ಮ ತಂದೆಗೆ 58 ವರ್ಷ, ಸಿಎಂಎಲ್ ಅನ್ನೋ ಒಂದು ಥರದ ರಕ್ತದ ಕ್ಯಾನ್ಸರ್, ಮೂರು ತಿಂಗಳಿಂದ ದಿನಕ್ಕೆ 400 ಮಿಲಿಗ್ರಾಂ ಇಮ್ಯಾಟಿನಿಬ್ ಮಾತ್ರೆ. ಬಿಳಿ ಕಣ ನಾರ್ಮಲ್ ಆಗಿದೆ, ಆದರೂ ಕಾಯಿಲೆಯ ಗುರುತಾದ ಬಿಸಿಆರ್-ಎಬಿಎಲ್ 8% ಇದೆ, ಇನ್ನೆಷ್ಟು ವರ್ಷ ಇರುತ್ತಾರೆ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ನಮ್ಮ ಯಜಮಾನರಿಗೆ ಇದೇ ಕಾಯಿಲೆ ಗೊತ್ತಾಗಿ ಏಳು ವರ್ಷ ಆಯಿತು. ಚೆಕಪ್‌ಗೆ ಮೈಸೂರಿಗೆ ಹೋಗಿಬರುತ್ತೇವೆ. ರಿಪೋರ್ಟ್ ಹಿಡಿದು ನಿಮ್ಮ ಹಾಗೇ ನಾನೂ ಬಸ್ಸಿನಲ್ಲಿ ಅತ್ತಿದ್ದೇನೆ.

ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಮಾಮೂಲಿ ಪರೀಕ್ಷೆ, ಬದುವಿನ ಮೇಲೆ ನಿಂತು ಕಬ್ಬಿನ ಗದ್ದೆ ನೋಡಿದ ಹಾಗೆ. ಎಲ್ಲಾ ಹಸಿರಾಗೇ ಕಾಣುತ್ತದೆ. ಸಾಲಿನೊಳಗೆ ಇಳಿದರೆ ತಾನೇ ಕಳೆ ಎಷ್ಟಿದೆ ಅಂತ ಗೊತ್ತಾಗೋದು? ಪಿಸಿಆರ್ ಪರೀಕ್ಷೆ ಹಾಗೆ ಒಳಗಿಳಿದು ಎಣಿಸುತ್ತದೆ. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡು ಅದಲು ಬದಲಾಗಿ ಬಿಸಿಆರ್-ಎಬಿಎಲ್ ಅನ್ನೋ ಕೆಟ್ಟ ಜೀನ್ ಹುಟ್ಟುತ್ತದೆ. ರಕ್ತದಲ್ಲಿ ಅದರ ಗುರುತು ಎಷ್ಟು ಉಳಿದಿದೆ ಅನ್ನೋದೇ ಆ ಪರ್ಸೆಂಟ್.

ಡಾಕ್ಟರುಗಳು ನೋಡುವ ಮೆಟ್ಟಿಲು ಹೀಗಿದೆ: 3 ತಿಂಗಳಿಗೆ 10% ಮೀರಬಾರದು, 6 ತಿಂಗಳಿಗೆ 1%, ಒಂದು ವರ್ಷಕ್ಕೆ 0.1%. ನಿಮ್ಮ ತಂದೆ ಮೊದಲ ಮೆಟ್ಟಿಲು ಹತ್ತಿದ್ದಾರೆ. ಮುಂದೆ ಎಲ್ಲಾದರೂ ನಿಂತರೂ ದಾರಿ ಮುಚ್ಚಲ್ಲ. ಪರೀಕ್ಷೆ ಮತ್ತೆ ಮಾಡಿಸುತ್ತಾರೆ, ಮಾತ್ರೆ ತಪ್ಪಿದೆಯಾ ಅಂತ ಕೇಳುತ್ತಾರೆ, ಬೇಕಾದರೆ ಮ್ಯುಟೇಷನ್, ಅಂದರೆ ಆ ಜೀನ್ ಮತ್ತೆ ಬದಲಾಗಿದೆಯಾ ಅಂತ ನೋಡಿ ಡಾಸಾಟಿನಿಬ್, ನಿಲೋಟಿನಿಬ್ ಥರದ ಬೇರೆ ಮಾತ್ರೆಗೆ ಹಾಕುತ್ತಾರೆ.

ಮಾತ್ರೆ ತಪ್ಪಿಸೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೂರನೇ ವರ್ಷ ನಮ್ಮವರದು 0.07ಕ್ಕೆ ಇಳಿದಿತ್ತು. ಕಬ್ಬು ಅರೆಯುವ ಕಾಲ, ರಾತ್ರಿಯೆಲ್ಲಾ ಕೊಪ್ಪರಿಗೆ ಮುಂದೆ ನಿಲ್ಲಬೇಕು. ಮಾತ್ರೆ ತಿಂದರೆ ಕಾಲು ಹಿಡ್ಕೊಳ್ಳುತ್ತೆ ಅಂತ ನನಗೂ ಹೇಳದೆ ನಿಲ್ಲಿಸಿಬಿಟ್ಟರು. ರಾಗಿ ಹಿಟ್ಟಿನ ಡಬ್ಬದ ಹಿಂದೆ ಮೂರು ಸ್ಟ್ರಿಪ್ ಸಿಕ್ಕವು, ಒಂದು ಮಾತ್ರೆಯನ್ನೂ ಒಡೆದಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ 0.6. ಸಿಬಿಸಿ ಮಾತ್ರ ಅವತ್ತೂ ನಾರ್ಮಲ್! ಬರೀ ಅದನ್ನೇ ನೋಡಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಸೆಳೆತಕ್ಕೆ ಡಾಕ್ಟರ್ ಬೇರೆ ಉಪಾಯ ಮಾಡಿಕೊಟ್ಟರು, ಮೊದಲೇ ಹೇಳಿದ್ದರೆ ಅಷ್ಟೇ ಸಾಕಿತ್ತು. ಈಗ ರಾತ್ರಿ ಮುದ್ದೆ ಉಂಡು, ದೊಡ್ಡ ಲೋಟ ನೀರಿನ ಜೊತೆ ಮಾತ್ರೆ ನುಂಗಿ, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗೆರೆ ಎಳೆದೇ ಮಲಗುತ್ತಾರೆ. ಆರು ತಿಂಗಳಲ್ಲಿ 0.09ಕ್ಕೆ ಇಳಿಯಿತು.

ಎಷ್ಟು ವರ್ಷ ಅಂದಿರಿ. ಇಮ್ಯಾಟಿನಿಬ್‌ನ ಮೊದಲ ದೊಡ್ಡ ಪ್ರಯೋಗದಲ್ಲಿ ಆ ಮಾತ್ರೆಯಿಂದ ಶುರುಮಾಡಿದವರಲ್ಲಿ 10 ವರ್ಷದ ನಂತರವೂ ಸುಮಾರು 83% ಜನ ಬದುಕಿದ್ದರು. ತೀರಿಕೊಂಡವರೆಲ್ಲಾ ಈ ಕಾಯಿಲೆಯಿಂದಲೇ ಹೋದವರಲ್ಲ. ಶುರುವಿನಲ್ಲಿ ವಯಸ್ಸು, ಗುಲ್ಮದ ಊತ, ಪ್ಲೇಟ್‌ಲೆಟ್, ಬ್ಲಾಸ್ಟ್ ಅನ್ನೋ ಬಲಿಯದ ಕಣ ನೋಡಿ, ಅಪಾಯ ಎಷ್ಟು ಅಂತ ಅಂದಾಜಿಸುವ ಸೋಕಲ್ ಸ್ಕೋರ್ ಹಾಕಿರುತ್ತಾರೆ, ಅದನ್ನೂ ಕೇಳಿ. ಆದರೆ ನನಗೆ ಧೈರ್ಯ ಕೊಟ್ಟಿದ್ದು ಮೂರು ಮೂರು ತಿಂಗಳಿಗೆ ಇಳಿಯುತ್ತಿದ್ದ ಆ ಅಂಕಿ.

ಮಾತ್ರೆ ಬಿಡಬಹುದಾ ಅನ್ನೋ ಪ್ರಶ್ನೆ ಈಗ ಬೇಡ. ವರ್ಷಗಟ್ಟಲೆ 0.01%ಕ್ಕಿಂತ ಕೆಳಗೇ ಇದ್ದ ಕೆಲವರಿಗೆ ಡಾಕ್ಟರೇ ನಿಲ್ಲಿಸಿ ನೋಡುತ್ತಾರೆ, ಅದೂ ಪದೇ ಪದೇ ಪರೀಕ್ಷೆ ಮಾಡಿಸುತ್ತಾ. ನಾಟಿ ಔಷಧಿ ಕೊಡುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ಆರು ತಿಂಗಳ ಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ ಮಾಡಿಸಿ. ರಿಪೋರ್ಟಿನಲ್ಲಿ ಪರ್ಸೆಂಟ್ ಪಕ್ಕ ‘ಐಎಸ್’ ಅಂತ ಇದೆಯಾ ನೋಡಿ, ಇಂಟರ್‌ನ್ಯಾಷನಲ್ ಸ್ಕೇಲ್ ಅಂತ ಅರ್ಥ. ಅದಿಲ್ಲದಿದ್ದರೆ ನಾನು ಹೇಳಿದ ಮೆಟ್ಟಿಲಿಗೆ ನಿಮ್ಮ ಅಂಕಿಯನ್ನು ಸುಮ್ನೆ ಹೋಲಿಸಬೇಡಿ, ಡಾಕ್ಟರನ್ನೇ ಕೇಳಿ. ಈಗಿನ 8%ರ ಕಾಗದ ಜೋಪಾನ, ಅವತ್ತು ಪಕ್ಕದಲ್ಲಿಟ್ಟು ನೋಡಲು ಬೇಕು.