ಲ್ಯೂಕಾಡೆಂಡ್ರಾನ್‌ನ ಬಣ್ಣದ 'ಹೂವು' ನಿಜಕ್ಕೂ ಹೂವೇ? ಈ ಗಿಡವನ್ನು ಗುರುತಿಸುವುದು ಹೇಗೆ?

ಅಲ್ಲ, ಅದು ಎಲೆ. ಹೂ ಬಿಡುವ ಕಾಲಕ್ಕೆ ಕೊಂಬೆ ತುದಿಯ ಎಲೆಗಳು ಹಳದಿಗೋ ಕೆಂಪಿಗೋ ತಿರುಗುತ್ತವೆ. ನಿಜವಾದ ಹೂಗಳು ತೀರಾ ಸಣ್ಣವು. ನಡುವೆ ಗುಂಡಗೆ, ಒತ್ತಾಗಿ ಸೇರಿರುತ್ತವೆ.

ದಕ್ಷಿಣ ಆಫ್ರಿಕಾದ, ಅದರಲ್ಲೂ ಕೇಪ್ ಪ್ರದೇಶದ ಫೈನ್‌ಬಾಸ್ ಕುರುಚಲು ಇವುಗಳ ತವರು. ಸುಮಾರು 80 ಜಾತಿಗಳಿವೆ, ಹೆಚ್ಚಿನವು ಪೊದೆಗಳು. ಕೇಪ್‌ಟೌನ್‌ನ ಟೇಬಲ್ ಬೆಟ್ಟದ ಇಳಿಜಾರಿನ ಬೆಳ್ಳಿ ಮರವೂ ಇದೇ ಗುಂಪಿನದು. ಅದರ ಎಲೆ ಮೇಲೆ ರೇಷ್ಮೆಯಂಥ ಕೂದಲು ಒತ್ತಾಗಿ ಮಲಗಿರುತ್ತದೆ, ಬಿಸಿಲು ಬಿದ್ದರೆ ಮಿರಮಿರ ಅನ್ನುತ್ತದೆ.

ಗುರುತಿಸಲು ಒಳ್ಳೆ ಸುಳಿವೆಂದರೆ, ಇಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಇದರ ನೆಂಟ ಪ್ರೋಟಿಯಾದಲ್ಲಿ ಹಾಗಿಲ್ಲ. ಹೆಣ್ಣು ಗಿಡದಲ್ಲಿ ಪೈನ್ ಕಾಯಿ ಥರದ ಗಟ್ಟಿ ಕಾಯಿ ಕಾಣುತ್ತದೆ. ಹಲವು ಜಾತಿಗಳಲ್ಲಿ ಬೀಜ ವರ್ಷಗಟ್ಟಲೆ ಅದರೊಳಗೇ ಕೂತಿದ್ದು, ಕಾಳ್ಗಿಚ್ಚಿಗೆ ಗಿಡ ಸತ್ತ ಮೇಲೆ ಉದುರುತ್ತದೆ. ಎಲ್ಲದರಲ್ಲೂ ಹೀಗೇ ಅಂತಿಲ್ಲ. ಕೆಲವದರ ಬೀಜವನ್ನು ಇರುವೆಗಳು ಹೊತ್ತೊಯ್ದು ಮಣ್ಣಲ್ಲಿ ಹೂಳುತ್ತವೆ.

ಬಡ ಮಣ್ಣಿನಿಂದ ರಂಜಕ ಹೀರಲು ಬೇರಿನ ತುದಿ ಗೊಂಚಲಾಗಿ ಕವಲೊಡೆಯುತ್ತದೆ. ಹಾಗಾಗಿ ರಂಜಕದ ಗೊಬ್ಬರ ಜಾಸ್ತಿಯಾದರೆ ಗಿಡ ಸಾಯಬಹುದು, ಸುಮ್ನೆ ಸುರಿಯಬೇಡಿ. ಅಂದಹಾಗೆ, ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಕೂಡ ಇದೇ ಕುಟುಂಬದ್ದು. ಆದರೆ ಅದರ ಮೂಲ ಆಸ್ಟ್ರೇಲಿಯಾ.